ಗೋವಿಂದ ಪೈಗಳ ಪ್ರಾಣ

ಕಾಸರಗೋಡಿನ ಕನ್ನಡಿಗರಿಗೆ ಇನ್ನೊಬ್ಬರ ತಪ್ಪು ಹುಡುಕುವ ಚಾಳಿ ಸ್ವಲ್ಪ ಜಾಸ್ತಿ. ಅದರಲ್ಲಿ ನಮ್ಮದೇನೂ ತಪ್ಪಿಲ್ಲ. ಬೋರ್ಡಿನಲ್ಲಿ ಕನ್ನಡ ಇದ್ದರೇ ಪುಣ್ಯ. ಇದ್ದರೂ ಒತ್ತಕ್ಷರ ಎಲ್ಲೋ, ದೀರ್ಘ ಇನ್ನೆಲ್ಲೋ. ಬಸ್ಸು ಕಾಯುತ್ತಾ ನಿಂತಲ್ಲೇ ನಾನು ಎಷ್ಟು ಬೋರ್ಡುಗಳನ್ನು ಮನಸ್ಸಿನಲ್ಲೇ ತಿದ್ದಿದ್ದೇನೋ ಲೆಕ್ಕವಿಲ್ಲ.

ನನ್ನದೇ ಬರಹದ ಮುಂದೆ ಮಾತ್ರ ಆ ಕಣ್ಣಿಗೆ ಪೊರೆ ಬರುತ್ತದೆ.

ಡಿಗ್ರಿಯಲ್ಲಿದ್ದಾಗ ಮಂಜೇಶ್ವರದ ಗೋವಿಂದ ಪೈಗಳ ಮೇಲೆ ಎಂಟು ಪುಟದ ಅಸೈನ್‌ಮೆಂಟ್ ಬರೆದಿದ್ದೆ. ಫೋನಿನಲ್ಲೇ ಟೈಪು ಮಾಡಿದ್ದು. ಮುಗಿಸಿದ ರಾತ್ರಿಯೇ ಒಮ್ಮೆ ಓದಿದೆ, ಭಾರೀ ಚೆನ್ನಾಗಿತ್ತು. ಬರೆದ ರಾತ್ರಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಅಲ್ವಾ? ಮರುದಿನ ಬೆಳಿಗ್ಗೆ ಓದಿದಾಗ ಮೊದಲ ಪುಟದಲ್ಲೇ ಐದು ‘ಆದ್ದರಿಂದ’ ಸಿಕ್ಕಿತು. ಮೂರನ್ನು ಕಿತ್ತೆ. ವಾಕ್ಯಗಳು ಬೀಳಲಿಲ್ಲ, ಹಾಗೇ ನಿಂತವು. ಯಾರೋ ಹೇಳಿದ್ದರೆಂದು ಕೊನೆಯ ವಾಕ್ಯದಿಂದ ಹಿಂದಕ್ಕೂ ಓದಿದೆ. ಹಾಗೆ ಓದಿದರೆ ಅರ್ಥದ ಗುಂಗು ಹೋಗಿ ಅಕ್ಷರ ಮಾತ್ರ ಕಾಣುತ್ತದಂತೆ. ನನಗೆ ನಿದ್ದೆ ಬಂತು.

ಹೀಗೆ ನಾಲ್ಕು ಸಲ ಓದಿ, ಪ್ರಿಂಟು ತೆಗೆಸಿ ಮನೆಗೆ ತಂದೆ. ಅಮ್ಮ ಜಗಲಿಯಲ್ಲಿ ಸುಲಿದ ಅಡಿಕೆ ಹೆಕ್ಕುತ್ತಿದ್ದರು. ಒಳ್ಳೆಯದು ಒಂದು ರಾಶಿ, ಒಡೆದ ಪಟೋರ ಒಂದು, ಕೆಟ್ಟು ಕಪ್ಪಾದ ಕರಿಗೋಟು ಇನ್ನೊಂದು. ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ಎರಡನೇ ಪುಟಕ್ಕೆ ನಿಂತರು.

“ಎಂತ ಮಾರಾಯ್ತಿ ಇದು? 1911ರಲ್ಲಿ ಪೈಗಳು ಪ್ರಾಣ ಬಿಟ್ಟರು ಅಂತ ಬರೆದಿದ್ದೀಯಲ್ಲ. ಮತ್ತೆ 1949ರಲ್ಲಿ ಮದ್ರಾಸು ಸರ್ಕಾರ ರಾಷ್ಟ್ರಕವಿ ಅಂತ ಬಿರುದು ಕೊಟ್ಟದ್ದು ಯಾರಿಗೆ?”

ನನ್ನ ಎದೆ ಧಸಕ್ಕೆಂದಿತು. 1911ರಲ್ಲಿ ಅವರು ಬಿಟ್ಟದ್ದು ಪ್ರಾಸ. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕೆಂಬ ಹಳೆಯ ಕಟ್ಟು ಅದು. ಅದನ್ನು ಬಿಟ್ಟು ಕವಿತೆ ಬರೆಯಲು ಅವರಿಗೆ ಎಷ್ಟು ಧೈರ್ಯ ಬೇಕಾಗಿತ್ತು ಎಂದು ನಾನೇ ಅರ್ಧ ಪುಟ ಕೊರೆದಿದ್ದೆ. ‘ಪ್ರಾ’ ಒತ್ತಿದ ಕೂಡಲೇ ಫೋನು ‘ಪ್ರಾಣ’ ಎಂದು ನೀಡಿತ್ತು, ನಾನು ತೆಗೆದುಕೊಂಡಿದ್ದೆ. 1963ರವರೆಗೆ ಬದುಕಿದ ಮನುಷ್ಯನನ್ನು 52 ವರ್ಷ ಮೊದಲೇ ಕಳಿಸಿಬಿಟ್ಟಿದ್ದೆ. ‘ಪ್ರಾಣ’ ಸರಿಯಾದ ಶಬ್ದವೇ ಆದ್ದರಿಂದ ಅದರ ಕೆಳಗೆ ಕೆಂಪು ಗೆರೆಯೂ ಬೀಳಲಿಲ್ಲ. ನಾಲ್ಕು ಸಲವೂ ನಾನು ಓದಿದ್ದು ಕಾಗದದಲ್ಲಿದ್ದದ್ದನ್ನಲ್ಲ, ನನ್ನ ತಲೆಯಲ್ಲಿದ್ದದ್ದನ್ನು.

ಅಮ್ಮನಿಗೆ ಹೇಗೆ ಸಿಕ್ಕಿತು? ಅವರಿಗೆ ಪೈಗಳ ಪ್ರಾಸದ ವಿಷಯ ಗೊತ್ತೇ ಇರಲಿಲ್ಲ. ಎದುರಿಗಿದ್ದದ್ದನ್ನು ಓದಿದರು, ಅಷ್ಟೆ. ಅಡಿಕೆಯನ್ನೂ ಹಾಗೆಯೇ ನೋಡುತ್ತಾರೆ. ನಮ್ಮ ತೋಟದ್ದೆಂದು ಕರಿಗೋಟನ್ನು ಒಳ್ಳೆಯ ರಾಶಿಗೆ ಹಾಕುವುದಿಲ್ಲ.

ಆ ಪುಟ ಹೊಸದಾಗಿ ಪ್ರಿಂಟಾಯಿತು. ಅಮ್ಮ ಪೂರ್ತಿ ಓದಿ “ಇನ್ನೇನೂ ತಪ್ಪಿಲ್ಲ” ಎಂದರು. ಮರುದಿನ ಬದಿಯಡ್ಕದಲ್ಲಿ ಬಸ್ಸು ಹತ್ತಿದೆ, ಸೀಟೂ ಸಿಕ್ಕಿತು. ಎದುರು ಸೀಟಿನ ಹುಡುಗ ಫೋನಿನಲ್ಲಿ ಯಾರನ್ನೋ ಮಲಯಾಳದಲ್ಲಿ ಬೇಡಿಕೊಳ್ಳುತ್ತಿದ್ದ. “ಒರು ಅವಸರಂ ಕೂಡಿ...” ಇನ್ನೊಂದು ಅವಕಾಶ ಕೊಡಿ ಅಂತ. ಪಾಪ, ಏನು ಕತೆಯೋ ಎಂದು ಕಿವಿಗೊಟ್ಟೆ. ಚೆರ್ಕಳ ಬರುವಾಗ ತಟ್ಟನೆ ಹೊಳೆಯಿತು.

ಐದನೇ ಪುಟ ತೆಗೆದೆ. ‘ಪೈಗಳಿಗೆ ಹಲವು ಭಾಷೆಗಳನ್ನು ಕಲಿಯುವ ಅವಸರ ಸಿಕ್ಕಿತು’ ಎಂದಿತ್ತು. ಗಟ್ಟಿಯಾಗಿ ಓದಿದ್ದರೂ ನನ್ನ ಕಿವಿಗೆ ಅದು ತಪ್ಪೆನಿಸುತ್ತಿರಲಿಲ್ಲ. ಅಮ್ಮನಿಗೂ ಅನಿಸಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಸಿಗುವುದು ಅವಸರವೇ.

ಪೆನ್ನು ತೆಗೆದು ‘ಸರ’ವನ್ನು ಹೊಡೆದು ಹಾಕಿದೆ. ಮೇಲೆ ‘ಕಾಶ’ ಬರೆಯುವಾಗ ಬಸ್ಸು ಹೊಂಡಕ್ಕೆ ಇಳಿಯಿತು. ಗೆರೆ ಪೈಗಳ ಹೆಸರಿನ ಮೇಲೆಯೇ ಉದ್ದಕ್ಕೆ ಹೋಯಿತು. ಪಕ್ಕದಲ್ಲಿದ್ದ ಹೆಂಗಸು ಬಗ್ಗಿ ನೋಡಿ, “ಪರೀಕ್ಷಯಾಣೋ ಮೋಳೇ?” ಎಂದರು.