ಗೋಧಿ ಬಿಟ್ಟರಷ್ಟೇ ಸಾಲದು

ಸೀಲಿಯಾಕ್ ಎಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ. ಇದಿರುವವರ ಆಹಾರದ ಬಗ್ಗೆ ನಾನು ಓದಿದ ಲೇಖನವೊಂದು, ಈ ಮೂರು ಬಿಟ್ಟರೆ ಆಯಿತು, ಓಟ್ಸ್ ತಿನ್ನಬಹುದು ಎಂದು ಮುಗಿಸಿಬಿಟ್ಟಿದೆ. ನಿಜವಾದ ತಲೆನೋವು ಶುರುವಾಗುವುದೇ ಅಲ್ಲಿಂದ ಮುಂದೆ. ನಮ್ಮ ಮನೆಯಲ್ಲಿ ಈ ಕಾಯಿಲೆ ನನಗೊಬ್ಬಳಿಗೆ. ಉಳಿದವರು ಬ್ರೆಡ್ ತಿನ್ನುತ್ತಾರೆ, ತಿನ್ನಲಿ. ಆದರೆ ಬ್ರೆಡ್‌ಗೆ ಬೆಣ್ಣೆ ಸವರಿದ ಚಾಕು ಮತ್ತೆ ಡಬ್ಬಿಯೊಳಗೆ ಹೋದರೆ ಆ ಡಬ್ಬಿ ನನ್ನ ಪಾಲಿಗೆ ಮುಗಿಯಿತು. ಬೆಣ್ಣೆಯ ಮೇಲೆ ಸಾಸಿವೆ ಕಾಳಿನಷ್ಟು ಕಂದು ಚೂರು ಅಂಟಿಕೊಂಡಿರುತ್ತದೆ, ಬೇರೆಯವರ ಕಣ್ಣಿಗೆ ಬೀಳುವುದೂ ಇಲ್ಲ. ಅದಕ್ಕೇ ಬೆಣ್ಣೆ, ಜಾಮ್ ಎರಡಕ್ಕೂ ನನ್ನದೇ ಡಬ್ಬಿ, ಮುಚ್ಚಳಕ್ಕೆ ಕೆಂಪು ಪಟ್ಟಿ. ಟೋಸ್ಟರ್, ಜರಡಿ, ಮರದ ಸೌಟು ಕೂಡ ಬೇರೆ. ಇವುಗಳ ಸಂದಿಗೊಂದಿಯಲ್ಲಿ ಕೂತ ಹಿಟ್ಟನ್ನು ತೊಳೆದು ತೆಗೆಯುವುದು ಕಷ್ಟ. ನಯವಾದ ಸ್ಟೀಲ್ ಪಾತ್ರೆಯನ್ನು ಸೋಪು ನೀರಿನಲ್ಲಿ ಚೆನ್ನಾಗಿ ತಿಕ್ಕಿದರೆ ಸಾಕು, ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಾಗಿಲ್ಲ.

“ಕುದಿಸಿದರೆ ಹೋಗುತ್ತದಲ್ಲ” ಎನ್ನುವವರಿಗೆ ಉತ್ತರಿಸಿ ಸಾಕಾಗಿದೆ. ಗ್ಲುಟನ್ ಕೀಟಾಣುವಲ್ಲ, ಪ್ರೋಟೀನ್. ಅಡುಗೆಯ ಬಿಸಿಗೆ ನಿರುಪದ್ರವಿಯಾಗುವುದಿಲ್ಲ, ಸ್ಯಾನಿಟೈಸರ್‌ಗೂ ಜಗ್ಗುವುದಿಲ್ಲ. ಬ್ರೆಡ್ ಹುಡಿ ಸವರಿದ ತಿನಿಸನ್ನು ಕರಿದ ಎಣ್ಣೆಯಲ್ಲೇ ಆಲೂಗಡ್ಡೆ ಕರಿದು ಕೊಟ್ಟರೆ ನಾನಂತೂ ಮುಟ್ಟುವುದಿಲ್ಲ.

ಓಟ್ಸ್‌ಗೆ ಲೇಖನ ಹಸಿರು ನಿಶಾನೆ ತೋರಿಸಿರುವುದು ಸರಿಯಲ್ಲ. ಸಾಮಾನ್ಯ ಓಟ್ಸ್‌ಗೆ ಹೊಲದಲ್ಲೋ ಗಿರಣಿಯಲ್ಲೋ ಗೋಧಿ, ಬಾರ್ಲಿ ಬೆರೆತಿರುವುದೇ ಹೆಚ್ಚು. ‘ಗ್ಲುಟನ್‌ರಹಿತ’ ಎಂಬ ಗುರುತು ಇದ್ದದ್ದನ್ನೇ ಕೊಳ್ಳಿ (ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಅದರಲ್ಲಿ ಗ್ಲುಟನ್ ಕೆ.ಜಿ.ಗೆ 20 ಮಿಲಿಗ್ರಾಂ ಮೀರಬಾರದು). ಆಗಲೂ ಕೆಲವರಿಗೆ ಓಟ್ಸ್ ಒಗ್ಗುವುದಿಲ್ಲ, ವೈದ್ಯರನ್ನು ಕೇಳಿಯೇ ಶುರುಮಾಡಿ.