ಆ ಕಥೇಲಿ ಓಡಿದ್ದು ಅಪ್ಪ

ಬೈಬಲ್ಲಿನ ಲೂಕನ ಸುವಾರ್ತೆ 15ನೇ ಅಧ್ಯಾಯದ ತಪ್ಪಿಹೋದ ಮಗನ ಕಥೆ ಬಂದಾಗೆಲ್ಲ ಚರ್ಚಲ್ಲಿ ಪ್ರಸಂಗ ಪೂರ್ತಿ ಮಗನ ಮೇಲೇ, ದುಡ್ಡು ಹಾಳು ಮಾಡ್ದ, ಹಂದಿ ಮೇಯಿಸ್ದ, ಬುದ್ಧಿ ಬಂತು, ವಾಪಸ್ ಬಂದ, ಆಮೆನ್. ನನ್ ಕೇಳಿದ್ರೆ ಆ ಕಾಲದ ಜನ ಇದನ್ನ ಕೇಳಿ ಬೆಚ್ಚಿಬಿದ್ದಿದ್ರೆ ಅದು ಅಪ್ಪನಿಂದ.

ಪಾಲಿನ ವಿಷ್ಯಾನೇ ತಗೊಳ್ಳಿ, ಅಪ್ಪ ಬದುಕಿರುವಾಗ್ಲೇ ಕಿರಿಮಗ ತನ್ನ ಪಾಲು ಕೊಡು ಅಂತಾನೆ. ನಮ್ಮಲ್ಲಿ ಹಿಂದೂ ಆಸ್ತಿ ಕಾನೂನಿನ ಮಿತಾಕ್ಷರ ಪದ್ಧತೀಲಿ ಪಿತ್ರಾರ್ಜಿತ ಆಸ್ತಿ ಮೇಲೆ ಮಗನಿಗೆ ಹುಟ್ಟಿನಿಂದ್ಲೇ ಹಕ್ಕು, ಅಪ್ಪ ಇರುವಾಗ್ಲೇ ಪಾಲು ಕೇಳಿದ್ರೆ ಊರವ್ರು ನಾಲ್ಕು ದಿನ ಆಡ್ಕೊಳ್ತಾರೆ ಅಷ್ಟೇ, ಅದಕ್ಕೇ ಆ ಸಾಲು ನಮಗೆ ಚುಚ್ಚಲ್ಲ. ಯೆಹೂದ್ಯರಲ್ಲಿ ಮಕ್ಕಳಿಗೆ ಆಸ್ತಿ ಇಳೀತಿದ್ದಿದ್ದು ಅಪ್ಪ ಸತ್ತ ಮೇಲೆ, ಬೈಬಲ್ಲಿನ ಧರ್ಮೋಪದೇಶಕಾಂಡ 21ರ ಪ್ರಕಾರ ಹಿರಿಯನಿಗೆ ಎರಡು ಪಾಲು, ಇಬ್ಬರೇ ಇದ್ರೆ ಕಿರಿಯನಿಗೆ ಮೂರರಲ್ಲೊಂದು. ಅದನ್ನ ಈಗ್ಲೇ ಕೊಡು ಅನ್ನೋದು ನೀನಿನ್ನೂ ಯಾಕೆ ಸತ್ತಿಲ್ಲ ಅಂದಂಗೆ. ಕಪಾಳಕ್ಕೆ ಬಾರಿಸ್ಬೇಕಾದ ಅಪ್ಪ ತೆಪ್ಪಗೆ ಹಂಚಿಕೊಡ್ತಾನೆ.

ಆಮೇಲೆ ಆ ಓಟ, ವಾಪಸ್ ಬರ್ತಿರೋ ಮಗನ್ನ ದೂರದಿಂದ್ಲೇ ಕಂಡು ಅಪ್ಪ ಓಡ್ತಾನೆ. ಆಳುಕಾಳು ಇರೋ ಮನೆ ಯಜಮಾನ, ವಯಸ್ಸಾದೋನು, ಕಾಲ್ತನಕ ಇರೋ ನಿಲುವಂಗಿ ಎತ್ತಿ ಹಿಡ್ಕೊಳ್ಳದೆ ಓಡಕ್ಕಾಗುತ್ತಾ? ಮಾನವಂತರು ಮಾಡೋ ಕೆಲ್ಸಾನೇ ಅಲ್ಲ ಅದು. ಊರು ಮಗನ್ನ ಹೀಯಾಳಿಸೋ ಮೊದ್ಲು ಅವನ್ನ ತಲುಪ್ಬೇಕಿತ್ತು ಅಂತ ಕೆಲವು ಪಂಡಿತರು ಹೇಳ್ತಾರೆ, ನನಗೂ ಸರಿ ಅನ್ಸುತ್ತೆ. ಪಿತ್ರಾರ್ಜಿತ ಜಮೀನು ಮಾರಿದ್ರೆ ನೆಂಟರು ಕಾಳು ತುಂಬಿದ ಪಾತ್ರೆ ಒಡೆದು ಇವನು ಪಿತ್ರಾರ್ಜಿತಕ್ಕೆ ಹೊರಗೆ ಅಂತ ಸಾರಿಸೋ ಪದ್ಧತಿ ಯೆರೂಸಲೇಮಿನ ತಾಲ್ಮೂದ್ ಅನ್ನೋ ಯೆಹೂದ್ಯರ ಧರ್ಮಗ್ರಂಥದಲ್ಲಿ ಬರುತ್ತೆ, ಆದ್ರೆ ಆ ಗ್ರಂಥ ಒಟ್ಟಾಗಿದ್ದು ಯೇಸು ಆಗಿ ಶತಮಾನಗಳ ಮೇಲೆ, ಲೂಕ ಪಾತ್ರೆ ಸುದ್ದೀನೇ ಎತ್ತಿಲ್ಲ, ಯೂಟ್ಯೂಬಲ್ಲಿ ಕೆಲವ್ರು ಈ ಮಗನಿಗೂ ಅದೇ ಕಾದಿತ್ತು ಅಂತ ಪಕ್ಕದಲ್ಲೇ ನಿಂತು ನೋಡ್ದಂಗೆ ಹೇಳೋದು ಸ್ವಲ್ಪ ಅತಿಯಾಯ್ತು.

ಮಗ ಬಂದ ಖುಷಿಗೆ ಅಪ್ಪ ಕರು ಕಡಿಸೋದೂ ಅಷ್ಟೇ. ಮಾಂಸ ಎತ್ತಿಡಕ್ಕೆ ಫ್ರಿಜ್ ಇಲ್ಲದ ಕಾಲ, ಒಂದು ಕೊಬ್ಬಿದ ಕರು ಒಂದು ಮನೆಯವ್ರು ತಿಂದು ಮುಗಿಸೋದಲ್ಲ, ಊರಿಗೇ ಊಟ. ಊರೆದುರಿಗೇ ಮಗನ್ನ ಒಳಗೆ ಕರ್ಕೊಂಡಂಗೆ.

ಅಂಥ ದಿನ ತಮ್ಮನಿಗೆ ಔತಣಾನಾ ಅಂತ ಸಿಟ್ಟಾಗಿ ಹಿರಿಮಗ ಹೊರಗೇ ನಿಂತ್ಕೊಂಡ. ಬಂದೋರ ಮುಂದೆ ಅಪ್ಪನ ಮಾನ ಹೋಯ್ತು, ಕಿರಿಯನದಕ್ಕಿಂತ ಇದೇನು ಕಮ್ಮಿ ಅವಮಾನ ಅಲ್ಲ. ಬಾಯ್ತುಂಬ ಅಪ್ಪಾ ಅಂತಾನೂ ಕರೆಯಲ್ಲ ಅವ್ನು, ಆದ್ರೂ ಯಜಮಾನ ಊಟ ಬಿಟ್ಟು ಹೊರಗೆ ಬಂದು ಬೇಡ್ಕೊಳ್ತಾನೆ. ಯೇಸು ಪಾಪಿಗಳ ಜೊತೆ ಉಣ್ತಾನೆ ಅಂತ ಗೊಣಗ್ತಿದ್ದ ಫರಿಸಾಯರಿಗೆ, ಅಂದ್ರೆ ಕಟ್ಟುನಿಟ್ಟಿನ ಯೆಹೂದ್ಯ ಪಂಥದವ್ರಿಗೆ, ಹೇಳಿದ ಕಥೆ ಇದು, ಅವರಿಗಂತಾನೇ ಇದ್ದ ಭಾಗ ಇದೇ. ನಮ್ಮ ಪ್ರಸಂಗಗಳಲ್ಲಿ ಇಲ್ಲಿಗೆ ಬರೋ ಹೊತ್ತಿಗೆ ಟೈಮ್ ಮುಗಿದು ಕಾಣಿಕೆ ಚೀಲ ಬಂದಿರುತ್ತೆ.