ಇಪ್ಪತ್ತು ಸೆಕೆಂಡಿನ ಕ್ಷಮೆ

2017ರಲ್ಲಿ ಜಪಾನಿನ ಒಂದು ರೈಲು 20 ಸೆಕೆಂಡ್ ಮುಂಚೆ ಹೊರಟುಬಿಟ್ಟಿತು. ಕಂಪನಿ ಜನರ ಕ್ಷಮೆ ಕೇಳಿತು. ನಾವೆಲ್ಲ ವಾಹ್ ಅಂದೆವು.

ಅದೇ ದೇಶದಲ್ಲಿ ಇವಾವೊ ಹಕಮಡ ಎಂಬ ಮಾಜಿ ಬಾಕ್ಸರ್‌ನನ್ನು ಕೊಲೆ ಆರೋಪದಲ್ಲಿ ಹಿಡಿದದ್ದು 1966ರಲ್ಲಿ. ನಿರಪರಾಧಿ ಅಂತ ಕೋರ್ಟ್ ಹೇಳಿದ್ದು 2024ರಲ್ಲಿ. ಆಮೇಲೆ ಪೊಲೀಸ್ ಮುಖ್ಯಸ್ಥರು ಮನೆಗೇ ಬಂದು ತಲೆ ಬಗ್ಗಿಸಿದರು. 58 ವರ್ಷ ಲೇಟು. ಸಿಗ್ನಲ್ ಸಿಕ್ಕಿರಲಿಲ್ಲವೇನೋ ಪಾಪ.

ಹಾಗಂತ ಅಲ್ಲಿನ ವ್ಯವಸ್ಥೆ ಸೋಮಾರಿ ಅಲ್ಲ. ಕೇಸು ಕೋರ್ಟಿಗೆ ಹೋದರೆ ನೂರಕ್ಕೆ 99ಕ್ಕಿಂತ ಜಾಸ್ತಿ ಜನ ಅಪರಾಧಿಗಳು. ಯಾವ ಟ್ಯೂಷನ್ ಸೆಂಟರಿಗೂ ಇಂಥ ರಿಸಲ್ಟ್ ಬಂದಿಲ್ಲ. ಗುಟ್ಟು ಸುಲಭ. ಆರೋಪಪಟ್ಟಿ ಇಲ್ಲದೆಯೇ 23 ದಿನ ಒಳಗಿಡಬಹುದು. ಅಷ್ಟರವರೆಗೆ ಜಾಮೀನಿನ ಮಾತೇ ಇಲ್ಲ. ವಿಚಾರಣೆ ಕೋಣೆಗೆ ವಕೀಲರು ಬರುವ ಹಾಗಿಲ್ಲ. 23 ದಿನ ಮುಗಿಯಿತಾ? ಇನ್ನೊಂದು ಆರೋಪ ಹಾಕಿ ಮತ್ತೆ ಹಿಡಿದರಾಯಿತು, ಲೆಕ್ಕ ಒಂದರಿಂದ ಶುರು. ಸುಮ್ಮನಿರುವ ಹಕ್ಕು ಖಂಡಿತ ಇದೆ. ನೀವು ಸುಮ್ಮನಿರಿ, ಅವರು ಕೇಳುತ್ತಲೇ ಇರುತ್ತಾರೆ. ಅಲ್ಲಿನ ವಕೀಲರೇ ಇದಕ್ಕೆ ‘ಒತ್ತೆಯಾಳು ನ್ಯಾಯ’ ಅಂತ ಹೆಸರಿಟ್ಟಿದ್ದಾರೆ. ಒಪ್ಪಿಕೊಂಡರೆ ಬಾಗಿಲು ಬೇಗ ತೆಗೆಯುತ್ತದೆ. ತಪ್ಪು ಮಾಡಿಲ್ಲ ಅಂದಿರೋ, ಇನ್ನೂ ಸ್ವಲ್ಪ ದಿನ ಇರಿ.

ಹಕಮಡ ಪ್ಯಾಂಟಿನ ಕತೆ ಹೇಳಲೇಬೇಕು. ಕೊಲೆಯಾಗಿ ವರ್ಷ ಕಳೆದ ಮೇಲೆ ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಮಿಸೊ ತೊಟ್ಟಿಯಲ್ಲಿ ರಕ್ತದ ಬಟ್ಟೆ ಸಿಕ್ಕಿತು. ಹುಳಿ ಬಂದ ಸೋಯಾ ಹಿಟ್ಟಿನಲ್ಲಿ ಅಷ್ಟು ದಿನ ನೆನೆದರೂ ಕಲೆ ಕೆಂಪಗೇ ಇತ್ತು! ಕೋರ್ಟಿನಲ್ಲಿ ಪ್ಯಾಂಟ್ ಹಾಕಿಸಿ ನೋಡಿದರು. ತೊಡೆ ದಾಟಿ ಮೇಲೆ ಬರಲಿಲ್ಲ. ಸರ್ಕಾರಿ ವಕೀಲರ ವಿವರಣೆ: ಮಿಸೊದಲ್ಲಿ ಪ್ಯಾಂಟ್ ಕುಗ್ಗಿದೆ, ಜೈಲಿನಲ್ಲಿ ಆಸಾಮಿ ದಪ್ಪಗಾಗಿದ್ದಾನೆ. ಪ್ಯಾಂಟಿನ ಚೀಟಿಯಲ್ಲಿದ್ದ ‘ಬಿ’ ಅಕ್ಷರ ದೊಡ್ಡ ಸೈಜಿನ ಗುರುತು ಅಂತಲೂ ವಾದಿಸಿದರು. ಅದು ಬಣ್ಣದ ಗುರುತಾಗಿತ್ತು. ಕೊನೆಗೆ 2024ರಲ್ಲಿ ಕೋರ್ಟೇ ಹೇಳಿತು, ಬಟ್ಟೆಯ ಸಾಕ್ಷ್ಯ ತನಿಖೆಯವರೇ ಸೃಷ್ಟಿಸಿದ್ದು ಅಂತ.

ಹಣಕಾಸು ಅಕ್ರಮದ ಆರೋಪ ಹೊತ್ತು ಜಾಮೀನಿನ ಮೇಲಿದ್ದ, ನಿಸಾನ್ ಕಾರು ಕಂಪನಿಯ ಮಾಜಿ ಅಧ್ಯಕ್ಷ ಕಾರ್ಲೋಸ್ ಘೋನ್ ಇದನ್ನೆಲ್ಲ ಅರ್ಥ ಮಾಡಿಕೊಂಡು 2019ರ ಕೊನೆಗೆ ಪೆಟ್ಟಿಗೆಯೊಳಗೆ ಕೂತು ಜಪಾನಿನಿಂದ ಪರಾರಿಯಾದರು. ಆಗ ಕಾನೂನು ಸಚಿವೆ, ಘೋನ್ ಬಂದು ತಾವು ನಿರಪರಾಧಿ ಅಂತ ಸಾಬೀತು ಮಾಡಲಿ ಅಂದರು. ಆಮೇಲೆ ಬಾಯಿ ತಪ್ಪಿ ಬಂತು ಅಂದರು. ಬಾಯಿ ತಪ್ಪಿದಾಗಲೇ ಅಲ್ವಾ ನಿಜ ಬರೋದು?

ಪೆಟ್ಟಿಗೆ ಸಿಗದವರೂ ಇದ್ದಾರೆ. ಯೊಕೊಹಾಮಾದ ಒಂದು ಯಂತ್ರ ಕಂಪನಿಯ ಸಲಹೆಗಾರರನ್ನು 2020ರಲ್ಲಿ ರಫ್ತು ಕೇಸಿನಲ್ಲಿ ಒಳಗೆ ಹಾಕಿದರು. ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾದ ಮೇಲೂ ಜಾಮೀನು ಸಿಗಲಿಲ್ಲ. 2021ರ ಫೆಬ್ರವರಿಯಲ್ಲಿ ಆರೋಪಿಯಾಗಿಯೇ ತೀರಿಕೊಂಡರು. ಅದೇ ಜುಲೈನಲ್ಲಿ ಕೇಸು ವಾಪಸಾಯಿತು. 2025ರ ಆಗಸ್ಟಿನಲ್ಲಿ ಅಧಿಕಾರಿಗಳು ಅವರ ಸಮಾಧಿಗೆ ಹೋಗಿ ತಲೆ ಬಗ್ಗಿಸಿದರು. ರೈಲು ಹೊರಟು ನಾಲ್ಕೂವರೆ ವರ್ಷ ಆಗಿತ್ತು.